0.8 ಮಿಲಿಮೀಟರ್ ಅವರ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ಸ್ಟುಟ್‌ಗಾರ್ಟಿನ ಹೊರವಲಯ, ಒಂದು ಬಾಡಿಗೆ ಗ್ಯಾರೇಜು
ಭಾನುವಾರ, ಸಂಜೆ

ಮಾನ್ಯ 0.8 ಮಿಲಿಮೀಟರ್ ಅವರಿಗೆ,

ಸಾಷ್ಟಾಂಗ ನಮಸ್ಕಾರಗಳು. ಇದು ಬರೀ ಉಪಚಾರದ ಮಾತಲ್ಲ. ನಿನ್ನೆ ಮಡ್‌ಗಾರ್ಡಿನ ಮೇಲೆ ಹಳೇ ಕಂಬಳಿ ಹಾಸಿ, ಎಂಜಿನ್ನಿನ ಮೇಲೆ ಬೋರಲು ಬಿದ್ದು, ಎದೆ, ಹಣೆ, ಗಲ್ಲ, ಎರಡೂ ಮೊಣಕೈ ತಾಗಿಸಿ ನಾಲ್ಕು ಗಂಟೆ ಹೊತ್ತು ತಮ್ಮೆದುರು ಮಲಗಿದ್ದೆ. ಎಂಟರಲ್ಲಿ ಐದು ಅಂಗವಾದರೂ ಲೆಕ್ಕಕ್ಕೆ ಬಂದವು. ಇವತ್ತು ಭಾನುವಾರ, ಈ ದೇಶದಲ್ಲಿ ಭಾನುವಾರ ಸದ್ದು ಮಾಡಿದರೆ ನೆರೆಹೊರೆಯವರು ಬಾಗಿಲು ತಟ್ಟುತ್ತಾರೆ. ಸುತ್ತಿಗೆ ಹಿಡಿಯುವಂತಿಲ್ಲದ ಕೈ ಪೆನ್ನು ಹಿಡಿದಿದೆ.

ನಾನು ಕ್ಷೇಮ. ತಾವೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ಏಕೆಂದರೆ ತಾವು ಕಣ್ಣಿಗೆ ಬೀಳುವವರಲ್ಲ.

ತಮ್ಮ ವಿಳಾಸ ಪತ್ತೆಹಚ್ಚಲು ನನಗೆ ಎರಡು ಚಳಿಗಾಲ ಹಿಡಿಯಿತು. ಇನ್ನೊಬ್ಬರು ಹಾಗೆ ಅಲೆಯದಿರಲಿ ಎಂದು ಇಲ್ಲಿ ಬಹಿರಂಗವಾಗಿ ಬರೆದುಬಿಡುತ್ತೇನೆ. ಪೋರ್ಷೆ 944, 1986ರ ಮಾಡೆಲ್. ಎಂಜಿನ್ನಿನ ಹಿಂತುದಿ, ಬೆಲ್ ಹೌಸಿಂಗಿನ ನೆತ್ತಿ. ಅಲ್ಲೊಂದು ಬ್ರಾಕೆಟ್, ಬ್ರಾಕೆಟ್ಟಿನಲ್ಲಿ ಅಕ್ಕಪಕ್ಕ ಎರಡು ಸೆನ್ಸರ್. ಸೆನ್ಸರಿನ ಮೂತಿಗೂ ಕೆಳಗೆ ತಿರುಗುವ ಫ್ಲೈವೀಲಿನ ಹಲ್ಲಿಗೂ ನಡುವಿನ ಸಂದಿನಲ್ಲಿ ತಮ್ಮ ವಾಸ. ಹಿಂದೆ ಫೈರ್‌ವಾಲ್, ಮುಂದೆ ಗಾಳಿ ಎಳೆಯುವ ಕೊಳವೆಗಳ ಗುಂಪು. ಟಪಾಲಿನವನಿರಲಿ, ಮನುಷ್ಯನ ಅಂಗೈಯೇ ಅಲ್ಲಿಗೆ ಇಳಿಯುವುದಿಲ್ಲ. ಫೀಲರ್ ಗೇಜ್ ತೂರಿಸೋಣವೆಂದರೆ ಬದಿಯಿಂದ ದಾರಿಯೇ ಇಲ್ಲ.

ತಾವು ಯಾರು ಎಂದು ಓದುಗರು ಕೇಳಬಹುದು. ತಾವು ಯಾರೂ ಅಲ್ಲ. ಕಬ್ಬಿಣವಲ್ಲ, ರಬ್ಬರಲ್ಲ, ತಂತಿಯಲ್ಲ. ಎರಡು ವಸ್ತುಗಳ ನಡುವೆ ಏನೂ ಇಲ್ಲದ ಜಾಗ. ಕನ್ನಡದವನಾದ್ದರಿಂದ ಇಲ್ಲಿಂದ ಬಯಲು, ಶೂನ್ಯ, ಅಲ್ಲಮ ಎಂದು ಹೊರಟುಬಿಡುವ ಆಸೆಯಾಗುತ್ತದೆ. ಉಗುರಿನಲ್ಲಿ ಇನ್ನೂ ಗ್ರೀಸ್ ಇದೆ, ಇವತ್ತಿಗೆ ಬೇಡ.

ನಾನು ಈ ಕಾರು ಕೊಂಡಿದ್ದೇ ಇದರಲ್ಲಿ ಸೆಟ್ ಮಾಡುವುದಕ್ಕೆ ಏನೂ ಇಲ್ಲ ಎಂಬ ಧೈರ್ಯದಿಂದ. ಇಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ಉತ್ತರಕ್ಕೆ, ನೆಕ್ಕರ್ ನದಿಯ ದಂಡೆಯ ನೆಕರ್ಸುಲ್ಮ್ ಊರಿನ ಆಡಿ ಕಾರ್ಖಾನೆಯಲ್ಲಿ ಇದು ತಯಾರಾಯಿತು. ನಾಲ್ಕು ಸಿಲಿಂಡರ್, 2479 ಸಿಸಿ. ಟ್ಯಾಪೆಟ್ ಸೆಟ್ ಮಾಡೋಣವೆಂದರೆ ಹೈಡ್ರಾಲಿಕ್ ಲಿಫ್ಟರು, ತಾವೇ ನೋಡಿಕೊಳ್ಳುತ್ತವೆ. ಕಾರ್ಬುರೇಟರ್ ಇಲ್ಲ. ಪಾಯಿಂಟ್ ಇಲ್ಲ. ಟೈಮಿಂಗ್ ಬೆಲ್ಟನ್ನು ಕಾಲಕಾಲಕ್ಕೆ ಬಿಗಿದು ಬದಲಿಸಿದರೆ ಮಿಕ್ಕಿದ್ದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂತ ಬಾಷ್ ಕಂಪನಿಯ ಮೋಟ್ರೋನಿಕ್ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಪೆಟ್ರೋಲ್ ಎಷ್ಟು ಚಿಮ್ಮಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು, ಎರಡನ್ನೂ ಒಂದೇ ಪೆಟ್ಟಿಗೆ ನಿರ್ಧರಿಸುವ ಈ ಏರ್ಪಾಡು ಮೊದಲು ಬಂದದ್ದು 1979ರಲ್ಲಿ, ಬಿಎಂಡಬ್ಲ್ಯೂ ಕಾರಿನಲ್ಲಿ. ಬಾಷ್ ಅಂದರೆ ನಮಗೇನೂ ಪರಕೀಯರಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೋ ಅವರದ್ದೇ. ಮೈಕೋ ಪ್ಲಗ್ಗಿನ ಬೋರ್ಡು ಇಲ್ಲದ ಗ್ಯಾರೇಜನ್ನು ನನ್ನ ಬಾಲ್ಯದಲ್ಲಿ ನಾನು ಕಂಡಿಲ್ಲ. ಹಾಗಾಗಿ ಆ ಪೆಟ್ಟಿಗೆಯ ಮೇಲೆ ನನಗೆ ಊರಿನವರೆಂಬ ಸಲಿಗೆಯೂ ಇತ್ತು.

ಪೆಟ್ಟಿಗೆ ಬಲ್ಲದ್ದೆಲ್ಲ ತಮ್ಮ ಮೂಲಕವೇ ಬಲ್ಲದ್ದು ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ತಮ್ಮ ಎರಡು ಸೆನ್ಸರುಗಳಲ್ಲಿ ಒಂದು ಸೆಲ್ಫ್ ಮೋಟರ್ ಕಚ್ಚಿಕೊಳ್ಳುವ ರಿಂಗ್ ಗೇರಿನ ಹಲ್ಲು ಎಣಿಸುತ್ತದೆ: ಒಂದು ಸುತ್ತಿಗೆ 132. ಇನ್ನೊಂದು, ಸುತ್ತಿಗೊಮ್ಮೆ ಮಾತ್ರ, ಫ್ಲೈವೀಲಿನ ಒಂದು ಸಣ್ಣ ಗುರುತು ಹಾದುಹೋದಾಗ "ಹೂಂ" ಎನ್ನುತ್ತದೆ. ಒಂದು ವೇಗ ಹೇಳುತ್ತದೆ, ಇನ್ನೊಂದು ಜಾಗ ಹೇಳುತ್ತದೆ. ಒಳಗಿರುವುದು ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಾಮ್ರದ ತಂತಿ, ಅಷ್ಟೇ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟಿದ್ದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ. ಕಬ್ಬಿಣದ ಹಲ್ಲು ಮೂತಿಯ ಮುಂದೆ ಹಾದರೆ ಕಾಂತಕ್ಷೇತ್ರ ಅಲುಗುತ್ತದೆ, ತಂತಿಯಲ್ಲಿ ಒಂದಿಷ್ಟು ವೋಲ್ಟೇಜ್ ಏಳುತ್ತದೆ. ಹಲ್ಲು ಬೇಗ ಹಾದಷ್ಟೂ ವೋಲ್ಟೇಜ್ ಹೆಚ್ಚು. ತಾವು ಹಿಗ್ಗಿದಷ್ಟೂ ಕಡಿಮೆ. ಆರು ಸಾವಿರ ಆರ್‌ಪಿಎಂನಲ್ಲಿ ಸೆಕೆಂಡಿಗೆ 13,200 ಹಲ್ಲು ಓಡುತ್ತವೆ. ಆಗ ತಾವು ಎಷ್ಟೇ ಉಬ್ಬಿದ್ದರೂ ಪೆಟ್ಟಿಗೆಗೆ ಕೇಳಿಸುತ್ತದೆ. ಕಷ್ಟವಿರುವುದು ಕೀ ತಿರುಗಿಸುವ ಆ ಎರಡು ಸೆಕೆಂಡಿನಲ್ಲಿ. ಸೆಲ್ಫ್ ಮೋಟರ್ ಎಂಜಿನ್ನನ್ನು ತಿರುಗಿಸುವುದು ನಿಮಿಷಕ್ಕೆ ಇನ್ನೂರು ಸುತ್ತು ಅಂದುಕೊಳ್ಳಿ, ಸೆಕೆಂಡಿಗೆ 440 ಹಲ್ಲು. ಚಳಿಗೆ ಎಣ್ಣೆ ಗಟ್ಟಿಯಾಗಿ, ಬ್ಯಾಟರಿ ಸೊರಗಿ, ಸೆಲ್ಫು ಮುಕ್ಕರಿಯುವ ಬೆಳಗ್ಗೆ ಅದೂ ಅರ್ಧಕ್ಕೆ ಇಳಿಯುತ್ತದೆ. ಆಗ ಸೆನ್ಸರು ಹೇಳುವುದು ಪಿಸುಮಾತು. ತಾವು 0.8ರಲ್ಲಿ ಇದ್ದರೆ ಪಿಸುಮಾತು ತಲುಪುತ್ತದೆ. ಅತ್ತಿತ್ತ 0.3 ಸರಿದರೂ ನಡೆಯುತ್ತದೆ ಎಂದು ತಯಾರಕರೇ ತಮಗೆ ವಿನಾಯಿತಿ ಕೊಟ್ಟಿದ್ದಾರೆ. ತಾವು ಎಷ್ಟಕ್ಕೆ ಸರಿದಿದ್ದಿರಿ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಚಳಿಗಾಲ, ಜನವರಿಯ ಒಂದು ಬೆಳಗ್ಗೆ, ಗಾಡಿ ಸ್ಟಾರ್ಟ್ ಆಗಲಿಲ್ಲ. ಸೆಲ್ಫ್ ಹೊಡೆಯುತ್ತದೆ, ಎಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಒಂದು ಗ್ಯಾರೇಜಿಗೆ ಎಳೆಸಿದೆ. ಬ್ಯಾಟರಿ ವೀಕು ಎಂದರು, ಹೊಸದು ಹಾಕಿದರು, ಮೊದಲ ಹೊಡೆತಕ್ಕೇ ಸ್ಟಾರ್ಟ್ ಆಯಿತು. ಎಲ್ಲರೂ ಕೈಕುಲುಕಿದೆವು. ಹೊಸ ಬ್ಯಾಟರಿಗೆ ಎಂಜಿನ್ ಜೋರಾಗಿ ತಿರುಗಿತ್ತು, ಪಿಸುಮಾತು ಸ್ವಲ್ಪ ಗಟ್ಟಿಯಾಗಿತ್ತು. ಅದನ್ನೇ ನಾವು ರಿಪೇರಿ ಎಂದು ಕರೆದೆವು. ಮೂರು ವಾರ ಕಳೆದು ಮೈನಸ್ ಎಂಟು ಡಿಗ್ರಿಯ ದಿನ ಮತ್ತೆ ಅದೇ ಕಥೆ. ಈ ಸಲ ಆ ಪೆಟ್ಟಿಗೆಗೆ ಕರೆಂಟು ಕೊಡುವ ಡಿಎಂಇ ರಿಲೇ. ಅದರ ಬೆಸುಗೆ ಬಿರುಕು ಬಿಡುವುದು ಈ ಮಾಡೆಲ್ಲಿನಲ್ಲಿ ಹೆಸರುವಾಸಿ, ಹಾಗಾಗಿ ಅನುಮಾನ ಅನ್ಯಾಯವಲ್ಲ. ಬದಲಿಸಿದೆವು. ಅಷ್ಟರಲ್ಲಿ ಹವಾ ಬೆಚ್ಚಗಾಗಿತ್ತು, ಗಾಡಿ ಓಡಿತು, ಕೀರ್ತಿ ರಿಲೇಗೆ ಹೋಯಿತು. ಎರಡನೇ ಚಳಿಗಾಲಕ್ಕೆ ಇಗ್ನಿಷನ್ ಕಾಯಿಲ್. ಆಮೇಲೆ ಫ್ಯೂಯೆಲ್ ಪಂಪ್. ಪ್ರತಿಯೊಂದೂ ಕೆಲಸ ಮಾಡಿದ ಹಾಗೆಯೇ ಕಂಡಿತು, ಮುಂದಿನ ಚಳಿಯವರೆಗೆ.

"ಎಷ್ಟಾಯ್ತು ರೀ ಇದುವರೆಗೂ?" ಎಂದು ಮನೆಯಲ್ಲಿ ಕೇಳಿದಾಗ ಬಿಲ್ಲುಗಳ ಫೈಲನ್ನು ಫ್ರಿಜ್ಜಿನ ಮೇಲಿಂದ ಪುಸ್ತಕದ ಕಪಾಟಿನ ಹಿಂದಕ್ಕೆ ಸಾಗಿಸಿದೆ.

ಇಲ್ಲಿ ತಮ್ಮ ಮೇಲೆ ನನ್ನದೊಂದು ಆಕ್ಷೇಪಣೆ ಇದೆ. ತಮಗೆ ಪಾರ್ಟ್ ನಂಬರ್ ಇಲ್ಲ. ಬ್ಯಾಟರಿಗೆ ಇದೆ, ರಿಲೇಗೆ ಇದೆ, ಪಂಪಿಗೆ ಇದೆ, ಪಂಪಿನ ಜೊತೆ ಬರುವ ಎರಡು ವಾಷರಿಗೂ ಇದೆ. ಅವಕ್ಕೆ ಡಬ್ಬಿಯುಂಟು, ಡಬ್ಬಿಗೆ ಬಾರ್‌ಕೋಡ್ ಉಂಟು, ಎರಡು ವರ್ಷದ ಗ್ಯಾರಂಟಿಯುಂಟು. ತಮ್ಮನ್ನು ಯಾವ ಗೋಡೌನಿನಲ್ಲಿ ಇಡುವುದು? ತಮ್ಮ ಮೇಲೆ ಲಾಭ ಇಟ್ಟು ಮಾರುವುದು ಹೇಗೆ? ಇಲ್ಲದ ವಸ್ತುವಿನ ಮೇಲೆ ಶೇಕಡಾ 19 ತೆರಿಗೆ ಹಾಕುವುದು ಜರ್ಮನಿಯವರಿಗೂ ಇನ್ನೂ ಸಾಧ್ಯವಾಗಿಲ್ಲ. ಮಾರಲಾಗದ್ದು ಕೆಟ್ಟಿರಲೂ ಆರದು ಎಂಬ ತರ್ಕದ ಮೇಲೆ ಎರಡು ಚಳಿಗಾಲ ನಾವೆಲ್ಲ ಬದುಕಿದೆವು. ಮೆಕ್ಯಾನಿಕ್ಕುಗಳನ್ನು ದೂರುತ್ತಿಲ್ಲ. ಏನನ್ನೂ ಬದಲಿಸದೆ ಬರೀ ಒಂದು ಬೋಲ್ಟ್ ಸಡಿಲಿಸಿ ಬಿಗಿದು, ಇನ್ನೂರು ಯೂರೋ ಕೊಡಿ ಎಂದಿದ್ದರೆ ನಾನೇ ಜಗಳ ಆಡುತ್ತಿದ್ದೆ.

ಅಪ್ಪನಿಗೆ ಫೋನ್ ಮಾಡಿದಾಗ ಮಾತಿನ ನಡುವೆ ವಿಷಯ ಬಂತು. ಅವರು ಮೈಸೂರಿನವರು, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಯನ್ನು ಇಪ್ಪತ್ತು ವರ್ಷ ಓಡಿಸಿದವರು. ಪೂರ್ತಿ ಕೇಳುವ ಮೊದಲೇ, "ಗ್ಯಾಪ್ ನೋಡ್ದ್ಯೇನೋ?" ಎಂದರು.

"ಅಪ್ಪಾ, ಇದು ಯೆಜ್ಡಿ ಅಲ್ಲ. ಇದರಲ್ಲಿ ಪಾಯಿಂಟೇ ಇಲ್ಲ."

"ಪಾಯಿಂಟ್ ಇಲ್ದೆ ಕರೆಂಟ್ ಹೆಂಗೋ ಕೊಡುತ್ತೆ?"

"ಕಂಪ್ಯೂಟರ್ ಕೊಡುತ್ತೆ."

"ಕಂಪ್ಯೂಟರ್‌ಗೆ ಯಾರ್ ಹೇಳ್ತಾರೆ?"

ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ.

ಆ ಯೆಜ್ಡಿಯ ಪಾಯಿಂಟ್ ಸೆಟ್ ಮಾಡುತ್ತಿದ್ದ ಮೆಕ್ಯಾನಿಕ್ಕು ನನಗೆ ಚೆನ್ನಾಗಿ ನೆನಪಿದ್ದಾನೆ. ಅವನ ಬಳಿ ಫೀಲರ್ ಗೇಜ್ ಇತ್ತು, ಆದರೆ ಅದು ಗೋಡೆಯ ಮೊಳೆಗೆ ತೂಗುಬಿಟ್ಟ ಅಲಂಕಾರ. ಕೆಲಸಕ್ಕೆ ಬಳಸುತ್ತಿದ್ದುದು ಲಗ್ನಪತ್ರಿಕೆಯ ತುಂಡು. ಪ್ಲಾಟಿನಮ್ ಪಾಯಿಂಟುಗಳ ನಡುವೆ ಅದನ್ನು ತೂರಿಸಿ, ಎಳೆದು, ಹಿಡಿತ ನೋಡಿ ಸ್ಕ್ರೂ ಬಿಗಿಯುತ್ತಿದ್ದ. ಯಾವ ಮದುವೆಯ ಪತ್ರಿಕೆಯಾದರೂ ಆಗುತ್ತಿರಲಿಲ್ಲ; ಬಡವರ ಮನೆಯದು ತೆಳು, ಶ್ರೀಮಂತರದು ದಪ್ಪ, ಮೇಷ್ಟರ ಮಗಳ ಮದುವೆಯದು ಕರೆಕ್ಟು ಎನ್ನುತ್ತಿದ್ದ. ಅವನ ಮಾತನ್ನು ನಾನು ಆಗ ತಮಾಷೆ ಎಂದುಕೊಂಡಿದ್ದೆ.

ಅಪ್ಪನ ಪ್ರಶ್ನೆ ಹೋಗಲಿಲ್ಲ. ಮಾರನೇ ದಿನ ಬೆಳಗ್ಗೆ ಸೆಲ್ಫ್ ಹೊಡೆಯುತ್ತ ಎರಡು ವರ್ಷದಲ್ಲಿ ಮೊದಲ ಬಾರಿಗೆ ಆರ್‌ಪಿಎಂ ಮುಳ್ಳಿನ ಕಡೆ ನೋಡಿದೆ. ಎಂಜಿನ್ ತಿರುಗುತ್ತಿದೆ, ಮುಳ್ಳು ಸೊನ್ನೆಯಲ್ಲೇ ಅಲುಗದೆ ಕೂತಿದೆ. ಸರಿಯಿದ್ದರೆ ಅದು ಕೊಂಚ ನಡುಗಬೇಕು. ಎಂಜಿನ್ ತಿರುಗುತ್ತಿರುವ ಸುದ್ದಿ ಊರಿಗೆಲ್ಲ ಕೇಳಿಸುತ್ತಿತ್ತು, ಪೆಟ್ಟಿಗೆಗೊಂದು ಬಿಟ್ಟು.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಬ್ಯಾಟರಿ ಕಳಚಿದೆ. ಮೊದಲು ಸೆನ್ಸರುಗಳನ್ನೇ ಅನುಮಾನಿಸಿ ಮೀಟರ್ ಹಿಡಿದೆ. ಕಾಯಿಲಿನ ತಂತಿ 600ರಿಂದ 1600 ಓಮ್ ತೋರಿಸಬೇಕು. ಎರಡೂ ಸಾವಿರದ ಆಸುಪಾಸು. ಕಾಯಿಲೆ ಅವಕ್ಕಲ್ಲ. ಉದ್ದನೆಯ ಎಕ್ಸ್‌ಟೆನ್ಶನ್ ತುದಿಗೆ ಅಲೆನ್ ಬಿಟ್ ಹಾಕಿ ಹಲ್ಲಿನ ಕಡೆಯ ಸೆನ್ಸರಿನ ಬೋಲ್ಟ್ ಬಿಚ್ಚಿದೆ. ತುಕ್ಕು ಬಿಡಿಸುವ ಎಣ್ಣೆಗೆ ಒಂದು ಗಂಟೆ, ನನ್ನ ಬೈಗುಳಕ್ಕೆ ಅರ್ಧ ಗಂಟೆ ಕೊಟ್ಟ ಮೇಲೆ ಸೆನ್ಸರ್ ಮೇಲಕ್ಕೆ ಬಂತು. ಮೂತಿಗೆ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿತ್ತು. ಅಯಸ್ಕಾಂತವಲ್ಲವೆ, ಇಷ್ಟೂ ವರ್ಷದ ಕ್ಲಚ್ಚಿನ ಸಂಸಾರವೆಲ್ಲ ಅಲ್ಲಿ ಸೇರಿತ್ತು.

ಈಗ ತಮ್ಮ ಅಳತೆ ತೆಗೆಯುವುದು ಹೇಗೆ? ವರ್ನಿಯರ್ ಆ ಸಂದಿಗೆ ಇಳಿಯಲಿಲ್ಲ. ದೇವರ ಮನೆಗೆ ಹೋಗಿ ಉರಿದು ಮುಗಿದ ಮೈಸೂರು ಊದುಬತ್ತಿಯ ಕಡ್ಡಿ ತಂದೆ. ಸೆನ್ಸರ್ ತೆಗೆದ ತೂತಿನಲ್ಲಿ ಇಳಿಸಿ, ಹಲ್ಲಿಗೆ ತಾಗಿದ ಕೂಡಲೇ ಉಗುರಿನಿಂದ ಗುರುತು ಹಾಕಿ, ಹೊರಗೆಳೆದು ಅಳೆದೆ. ಕಡ್ಡಿ ಹಲ್ಲಿನ ಮೇಲೆ ಕೂತರೆ ಒಂದು ಲೆಕ್ಕ, ಎರಡು ಹಲ್ಲಿನ ನಡುವಿನ ಕಣಿವೆಗೆ ಬಿದ್ದರೆ ಇನ್ನೊಂದು. ಹಾಗಾಗಿ ಮುಂದಿನ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಚೂರು ಚೂರೇ ತಿರುಗಿಸುತ್ತ ಹತ್ತು ಸಲ ಇಳಿಸಿ, ಎಲ್ಲಕ್ಕಿಂತ ಕಮ್ಮಿ ಬಂದದ್ದನ್ನು ಹಿಡಿದುಕೊಂಡೆ. ಅದರಿಂದ ಸೆನ್ಸರಿನ ಉದ್ದ ಕಳೆದೆ. 1.7. ಊದುಬತ್ತಿಯ ಕಡ್ಡಿ ಅಂತರರಾಷ್ಟ್ರೀಯ ಮಾನಕವಲ್ಲ, ಒಪ್ಪಿದೆ. ಕಾಲು ಮಿಲಿಮೀಟರ್ ಸುಳ್ಳು ಹೇಳಿತು ಎಂದರೂ ತಾವು ಗಡಿ ದಾಟಿ ಎಷ್ಟೋ ದೂರ ಹೋಗಿದ್ದಿರಿ. ಯಾರೋ ಯಾವಾಗಲೋ ಕ್ಲಚ್ ಬದಲಿಸಿದ್ದಾರೆ, ಬೆಲ್ ಹೌಸಿಂಗ್ ಬಿಚ್ಚಿ ಕಟ್ಟಿದ್ದಾರೆ, ಬ್ರಾಕೆಟ್ಟನ್ನು ಕಣ್ಣಳತೆಯಲ್ಲಿ ಕೂರಿಸಿ ಹೋಗಿದ್ದಾರೆ. ಕಾಣದ ಜಾಗಕ್ಕೆ ಕಣ್ಣಳತೆ!

ಸರಿಪಡಿಸುವ ಉಪಾಯ ಈ ಕಾರಿನವರಲ್ಲಿ ಹಳೆಯದು. ಬೇಕಾದ ದಪ್ಪದ ಒಂದು ಬಿಲ್ಲೆಯನ್ನು ಸೆನ್ಸರಿನ ಮೂತಿಗೆ ಅಂಟಿಸಿ, ಬ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ, ಬಿಲ್ಲೆ ಹಲ್ಲಿಗೆ ಮುತ್ತಿಡುವವರೆಗೆ ಕೆಳಗಿಳಿಸಿ, ಬಿಗಿದು, ಸೆನ್ಸರ್ ಹೊರತೆಗೆದು, ಬಿಲ್ಲೆ ಕಿತ್ತು, ಮತ್ತೆ ಹಾಕುವುದು. ಬಿಲ್ಲೆ ಇದ್ದ ಜಾಗವೇ ತಾವು. 0.8 ದಪ್ಪದ ವಾಷರ್ ಹುಡುಕಿದೆ. ಡಬ್ಬಿಯಲ್ಲಿದ್ದವು ಒಂದು, ಒಂದೂವರೆ. ಅಂಗಡಿ ಮುಚ್ಚಿತ್ತು. ವರ್ನಿಯರ್ ಕೈಯಲ್ಲಿತ್ತಲ್ಲ, ಕಂಡಕಂಡದ್ದನ್ನು ಅಳೆಯುತ್ತ ಬಂದೆ: ಮೊಸರಿನ ಡಬ್ಬಿಯ ಮುಚ್ಚಳ, ಕ್ಯಾಲೆಂಡರಿನ ರಟ್ಟು, ಕೊನೆಗೆ ಪರ್ಸಿನಲ್ಲಿದ್ದ ಎಟಿಎಂ ಕಾರ್ಡು.

0.76.

ಜಗತ್ತಿನ ಎಲ್ಲ ಬ್ಯಾಂಕಿನ ಕಾರ್ಡಿಗೂ ಅದೇ ದಪ್ಪ, ಅಂತರರಾಷ್ಟ್ರೀಯ ಮಾನಕ. ಮಾನ್ಯರೇ, ಎರಡು ಚಳಿಗಾಲ, ನಾಲ್ಕು ಬಿಲ್ಲು, ಪ್ರತಿಸಲವೂ ಕೌಂಟರಿನ ಯಂತ್ರದ ಸಂದಿಗೆ ನಾನು ತೂರಿಸಿದ್ದು ತಮ್ಮನ್ನೇ. ಬೇಕಾದ ಅಳತೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅದರಿಂದಲೇ ಹಣ ತೆತ್ತು, ಬೇಡದ ಪಂಪು ತಂದಿದ್ದೆ.

ಊರಿನ ಹಳೇ ಉಳಿತಾಯ ಖಾತೆಯ, ಅವಧಿ ಮುಗಿದ ಕಾರ್ಡೊಂದು ಇತ್ತು. ಮೊದಲು ಕತ್ತರಿಸಿದ ಬಿಲ್ಲೆ ಅಳೆದರೆ 1.2! ಉಬ್ಬಕ್ಷರದಲ್ಲಿ ಒತ್ತಿದ ನನ್ನ ಹೆಸರಿನ ಒಂದು ಅಕ್ಷರ ಸೇರಿಕೊಂಡಿತ್ತು. ಹೆಸರನ್ನು ಬಿಟ್ಟು ಖಾಲಿ ಮೂಲೆಯಲ್ಲಿ ಇನ್ನೊಂದು ಕತ್ತರಿಸಿ, ಊರಿಂದ ತಂದ ಫೆವಿಕ್ವಿಕ್ಕಿನ ಒಂದು ತೊಟ್ಟು ಹಾಕಿ ಮೂತಿಗೆ ಅಂಟಿಸಿದೆ. ಕೈಗೂ ಅಂಟಿತು. ಒಳಗೆ ಇಳಿಸುವಾಗ ಎದೆ ಢವಗುಟ್ಟುತ್ತಿತ್ತು: ಬಿಲ್ಲೆ ಕಳಚಿ ಬೆಲ್ ಹೌಸಿಂಗಿನೊಳಗೆ ಬಿದ್ದರೆ ಅದನ್ನು ತೆಗೆಯಲು ಹಿಂದಿರುವ ಗೇರ್‌ಬಾಕ್ಸ್ ಇಳಿಸಿ, ಟಾರ್ಕ್ ಟ್ಯೂಬ್ ಹಿಂದಕ್ಕೆಳೆದು, ಕ್ಲಚ್ಚಿನಷ್ಟೇ ಕೆಲಸ. ಬೀಳಲಿಲ್ಲ. ಹಲ್ಲಿಗೆ ತಾಗಿದ್ದು ಕೈಗೆ ತಿಳಿಯಿತು. ಕಿವಿಗೆ ಕೇಳದ, ಬೆರಳಿಗೆ ಮಾತ್ರ ಗೊತ್ತಾಗುವ ಒಂದು ಟಕ್. ಬಿಗಿದೆ. ಇನ್ನೊಂದು ಸೆನ್ಸರಿಗೆ ಬೇರೆ ಪೂಜೆ ಬೇಕಿಲ್ಲ. ಒಂದೇ ಬ್ರಾಕೆಟ್ ಆದ್ದರಿಂದ ಅದೂ ಜೊತೆಯಲ್ಲೇ ಕೂತಿತು.

ಎಲ್ಲ ಜೋಡಿಸಿ ಕೀ ತಿರುಗಿಸಿದೆ. ಸ್ಟಾರ್ಟ್ ಆಗಲಿಲ್ಲ.

ಆ ಹತ್ತು ನಿಮಿಷದ ವಿವರ ಬೇಡ. ಎರಡು ಸೆನ್ಸರಿನ ಪ್ಲಗ್ಗುಗಳೂ ಅವಳಿ-ಜವಳಿ, ಒಂದರದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ವೇಗದ್ದಕ್ಕೆ ಡಿಜಿ, ಗುರುತಿನದ್ದಕ್ಕೆ ಬಿಜಿ ಎಂದು ಬರೆದಿರುತ್ತಾರೆ, ಓದುವವರಿಗೆ. ನಾನು ಅದಲುಬದಲು ಮಾಡಿದ್ದೆ. ಇದರಲ್ಲಿ ತಮ್ಮ ತಪ್ಪೇನಿಲ್ಲ, ಯಾರ ತಪ್ಪೂ ಇಲ್ಲ, ನನ್ನದು ಮಾತ್ರ. ಸರಿಮಾಡಿ ಮತ್ತೆ ತಿರುಗಿಸಿದೆ. ಮುಳ್ಳು ಒಮ್ಮೆ ನಡುಗಿತು. ಎಂಜಿನ್ ಹತ್ತಿಕೊಂಡಿತು. ಹೊರಗೆ ಮೈನಸ್ ಆರು, ಬ್ಯಾಟರಿ ಅದೇ ಅರ್ಧ ಸೊರಗಿದ್ದು. ಮೇಲಿನ ಮನೆಯ ಅಜ್ಜಿ ಕಿಟಕಿ ತೆರೆದು ನೋಡಿದರು. ಶನಿವಾರವಾದ್ದರಿಂದ ಏನೂ ಅನ್ನಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. "ಗ್ಯಾಪೇ" ಎಂದೆ. "ಹೂಂ" ಎಂದು, ಊಟ ಆಯ್ತಾ ಎಂದು ಕೇಳಿದರು.

ಈಗಿನ ಹೊಸ ಕಾರುಗಳಲ್ಲಿ ತಮ್ಮ ಸಂತತಿಯವರಿಗೆ ಈ ಸ್ವಾತಂತ್ರ್ಯವಿಲ್ಲ ಎಂದು ಕೇಳಿ ತಮಗೆ ಬೇಸರವಾಗಬಹುದು. ಸೆನ್ಸರನ್ನು ತೂತಿನಲ್ಲಿ ಕೂರಿಸಿ ಒಂದು ಬೋಲ್ಟ್ ಬಿಗಿದರೆ ಮುಗಿಯಿತು, ಸಂದು ಎಷ್ಟಿರಬೇಕೆಂದು ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ಎರಡು ಸೆನ್ಸರಿನ ಜಾಗದಲ್ಲಿ ಒಂದೇ: ಅರವತ್ತು ಹಲ್ಲಿನ ಚಕ್ರದಲ್ಲಿ ಎರಡನ್ನು ಬೇಕೆಂತಲೇ ಬಿಟ್ಟು, ಆ ಖಾಲಿ ಜಾಗದಿಂದಲೇ ಪೆಟ್ಟಿಗೆ ಗುರುತು ಹಿಡಿಯುತ್ತದೆ. ಇಲ್ಲದ್ದರಿಂದಲೇ ಕೆಲಸ ತೆಗೆಯುವ ತಮ್ಮ ಮನೆತನದ ವಿದ್ಯೆ ಅಲ್ಲೂ ಉಳಿದಿದೆ ಅನ್ನಿ. ಆದರೆ ಸ್ಪ್ಯಾನರ್ ಹಿಡಿದು ಬಂದವನಿಗೆ ತಮ್ಮ ದರ್ಶನವಿಲ್ಲ.

ನನ್ನ ಕಾರಿಗೆ ಮೂವತ್ತು ದಾಟಿದ್ದರಿಂದ ನಂಬರ್ ಪ್ಲೇಟಿನ ಕೊನೆಯಲ್ಲಿ ಹಿರಿತನದ ಎಚ್ ಅಕ್ಷರ ಸಿಕ್ಕಿದೆ, ವರ್ಷಕ್ಕೆ 191 ಯೂರೋ 73 ಸೆಂಟ್ ತೆರಿಗೆ. ಇನ್ನೂ ಎಷ್ಟು ಚಳಿಗಾಲ ಓಡಿಸುತ್ತೇನೋ ಗೊತ್ತಿಲ್ಲ. ಬ್ರಾಕೆಟ್ಟಿನ ಬೋಲ್ಟ್ ಬಿಗಿಯಾಗಿದೆ. ಬಿಲ್ಲೆ 0.76 ಇದ್ದುದರಿಂದ ತಮ್ಮ ಮೈಯಿಂದ 0.04 ಕಡಿತವಾಗಿದೆ, ಕ್ಷಮೆಯಿರಲಿ, ಫೆವಿಕ್ವಿಕ್ಕಿನ ಪದರ ಅದನ್ನು ತುಂಬಿಕೊಟ್ಟಿರಲೂಬಹುದು. ಮುಂದಿನ ಕ್ಲಚ್ ಕೆಲಸದವರೆಗೆ ದಯವಿಟ್ಟು ಅಲ್ಲೇ ಇರಿ.

ಇಂತಿ ತಮ್ಮ ವಿಧೇಯ,
ಒಬ್ಬ ಹಳೇ ಕಾರಿನ ಮಾಲೀಕ

ತಾ.ಕ.: ಬಿಲ್ಲುಗಳ ಫೈಲನ್ನು ಕಪಾಟಿನ ಹಿಂದಿನಿಂದ ತೆಗೆದು ಕೊನೆಗೊಂದು ಹಾಳೆ ಸೇರಿಸಿದ್ದೇನೆ. ಬಿಡಿಭಾಗ: ಇಲ್ಲ. ಬೆಲೆ: ಇಲ್ಲ. ತೆರಿಗೆ: ಇಲ್ಲ. ಬಳಸಿದ ಸಾಮಗ್ರಿ: ಅವಧಿ ಮುಗಿದ ಎಟಿಎಂ ಕಾರ್ಡು ಒಂದು, ಊದುಬತ್ತಿಯ ಕಡ್ಡಿ ಒಂದು.